ಬೇಲಿಗೆ ಹದವಾದ ಕಾಲ

ಒಂದು ಕೆಲಸವನ್ನು ಮಾಡಲೂ ಬಾರದು, ಮಾಡುವುದಿಲ್ಲ ಎಂದು ಬಾಯಿಬಿಟ್ಟು ಹೇಳಲೂ ಬಾರದು ಎಂದಿದ್ದರೆ, ಅದಕ್ಕೆ ಒಳ್ಳೆಯ ಕಾಲ ಯಾವುದೆಂದು ನಾಲ್ಕು ಜನರನ್ನು ಕೇಳತೊಡಗಬೇಕು. ನನ್ನ ದವಡೆಯ ಹಲ್ಲೊಂದನ್ನು ನಾನು ಎರಡು ವರ್ಷ ಹೀಗೆಯೇ ಉಳಿಸಿಕೊಂಡೆ. ಬೇಸಿಗೆಯಲ್ಲಿ ಕೀಳಿಸಿದರೆ ರಕ್ತ ನಿಲ್ಲುವುದಿಲ್ಲ ಎಂದು ಒಬ್ಬರು ಹೇಳಿದರು. ಚಳಿಗಾಲದಲ್ಲಿ ವಸಡು ಬಾಯುತ್ತದೆ ಎಂದು ಇನ್ನೊಬ್ಬರು. ಮಳೆಗಾಲದಲ್ಲಿ ವಿಜಾಪುರದ ಬಸ್ಸೇ ಹಳ್ಳ ದಾಟುವುದಿಲ್ಲ, ಹಲ್ಲಿನ ಡಾಕ್ಟರನ್ನು ಹೇಗೆ ಮುಟ್ಟುತ್ತೀರಿ ಎಂದು ಮೂರನೆಯವರು. ಮೂರು ಮಾತೂ ನನಗೆ ಬಹಳ ಹಿತವಾದವು. ಕೊನೆಗೆ ಹಲ್ಲು ತಾನಾಗಿಯೇ ಒಂದು ದಿನ ರೊಟ್ಟಿಯ ತುತ್ತಿನೊಳಗೆ ಕಳಚಿ ಬಂತು. ಆದರೆ ಬೇಲಿ ಹಾಗೆ ತಾನಾಗಿ ಆಗುವ ವಸ್ತುವಲ್ಲ. ಬೇಲಿ ಹಾಕಲು ನಾನು ಕಾಲ ಕೇಳಿದ್ದು, ಕಾಲ ಕಾದದ್ದು, ಕೊನೆಗೊಂದು ಕಾಲ ಆರಿಸಿ ಹೆಮ್ಮೆಪಟ್ಟದ್ದು, ಇವನ್ನೆಲ್ಲ ನೆನೆದರೆ ನಗು ಬರಬೇಕು. ಬರುತ್ತದೆ ಕೂಡ, ಆದರೆ ಪೂರ್ತಿ ಬರುವುದಿಲ್ಲ. ನಾಲ್ಕು ತಿಂಗಳಾದವು. ಇಂದಿಗೂ ಕೈಗೆ ಹಗ್ಗ ಬಂದರೆ, ಅದು ಬಾವಿಯ ಹಗ್ಗವಿರಲಿ, ಅರಿವೆ ಒಣಗಿಸುವ ಹಗ್ಗವಿರಲಿ, ನನ್ನ ಅಂಗೈ ಬೆವರುತ್ತದೆ.

ನಾನು ಇಂಡಿಯಲ್ಲಿ ಹೈಸ್ಕೂಲಿನ ಮಾಸ್ತರ. ಹುಟ್ಟಿದ್ದು ಮುದ್ದೇಬಿಹಾಳ, ಹೆಂಡತಿ ಶಾಂತಾ ಬಸವನ ಬಾಗೇವಾಡಿಯವಳು, ಬಿ.ಎಸ್ಸಿ. ಮಾಡಿದ್ದು ಧಾರವಾಡದಲ್ಲಿ. ಊರಿನ ಅಂಚಿನಲ್ಲಿ ಎರಡು ಕೋಣೆಯ ಒಂದು ಮನೆ ಕೊಂಡೆವು. ಮನೆ ಸಣ್ಣದು, ಹಿತ್ತಲು ದೊಡ್ಡದು. ಅಲ್ಲಿ ಮೊದಲು ಯಾರೋ ದೊಡ್ಡ ಜಮೀನುದಾರರ ವಾಡೆ ಇತ್ತಂತೆ. ವಾಡೆ ಬಿದ್ದು, ಕಲ್ಲು ಯಾರ್‍ಯಾರದೋ ಮನೆಯ ಗೋಡೆಗೆ ಹೋಗಿ, ಉಳಿದದ್ದು ಬರೀ ಎರೆಮಣ್ಣು. ಅದಕ್ಕೆ ಬೇಲಿ ಇರಲಿಲ್ಲ. ಬೇಲಿ ಇಲ್ಲದ ಹಿತ್ತಲೆಂದರೆ ಊರಿನ ದನಗಳಿಗೆ ಹಾದಿ, ಆಡುಗಳಿಗೆ ಖಾನಾವಳಿ. ಶಾಂತಾ ಮೆಣಸಿನ ಸಸಿ ಹಚ್ಚಿದಳು, ಆಡು ತಿಂದವು. ಬದನೆ ಹಚ್ಚಿದಳು, ತಿಂದವು. ಒಂದು ದಿನ ನಾನು ಕಟ್ಟೆಯ ಮೇಲೆ ಕುಳಿತು ಒಂಬತ್ತನೆಯ ಇಯತ್ತೆಯ ಪರೀಕ್ಷೆಯ ಪೇಪರು ತಿದ್ದುತ್ತ, ನೀರು ಕುಡಿಯಲು ಒಳಗೆ ಹೋಗಿ ಬರುವಷ್ಟರಲ್ಲಿ ಒಂದು ಕರಿ ಆಡು ಏಳು ಹುಡುಗರ ಉತ್ತರಗಳನ್ನು ತಿಂದು ಎಂಟನೆಯದಕ್ಕೆ ಬಾಯಿ ಹಾಕಿತ್ತು. ಆ ಏಳೂ ಹುಡುಗರನ್ನು ನಾನು ಪಾಸು ಮಾಡಿದೆ. ಆಡು ಅಷ್ಟು ರುಚಿಯಿಂದ ತಿಂದದ್ದನ್ನು ನೋಡಿದರೆ ಉತ್ತರಗಳು ತೀರ ಕೆಟ್ಟವಿರಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಶಾಂತಾಳಿಗೆ ಸಮಾಧಾನವಾಗಲಿಲ್ಲ.

"ಬೇಲಿ ಹಾಕಸ್ತೀರೋ, ಇಲ್ಲಾ ನಾನೂ ಒಂದ ಆಡು ಸಾಕಲ್ಯೋ?" ಎಂದಳು.

ಮುದ್ದೇಬಿಹಾಳದಿಂದ ನನ್ನ ಸೋದರಮಾವ ಹನ್ನೆರಡು ಫರಸಿಕಲ್ಲಿನ ಕಂಬಗಳನ್ನು ಲಾರಿಯಲ್ಲಿ ಹಾಕಿ ಕಳಿಸಿದ. ಅವುಗಳನ್ನು ನೆಟ್ಟು, ನಡುವೆ ಮುಳ್ಳುತಂತಿ ಬಿಗಿದರೆ ಆಯಿತು. ಬೇರೆ ಯಾರಾದರೂ ಆಗಿದ್ದರೆ ಮರುದಿನವೇ ಕುಣಿ ತೋಡಿಸುತ್ತಿದ್ದರು. ನಾನು ವಿಜ್ಞಾನ ಕಲಿತವನು. ಒಂದು ನೋಟ್‌ಬುಕ್ ತೆಗೆದು, ಗೆರೆ ಎಳೆದು, ಬೇಸಿಗೆ, ಮಳೆಗಾಲ, ಚಳಿಗಾಲ ಎಂದು ಮೂರು ಮನೆ ಮಾಡಿದೆ. ಕಂಡವರನ್ನೆಲ್ಲ ಕೇಳಿ ಅವರ ಅಭಿಪ್ರಾಯವನ್ನು ಆಯಾ ಮನೆಯಲ್ಲಿ ಬರೆದುಕೊಳ್ಳತೊಡಗಿದೆ. ಕಂಬಗಳು ಹಿತ್ತಲಲ್ಲಿ ಒಂದೂವರೆ ವರ್ಷ ಮಲಗಿದವು. ಅವುಗಳ ಮೇಲೆ ಶಾಂತಾ ಸಂಡಿಗೆ ಹಾಕಿದಳು, ಓಣಿಯ ಹೆಂಗಸರು ಕುಳಿತು ಸೊಪ್ಪು ಸೋಸಿದರು, ಆ ಕರಿ ಆಡು ಊಟದ ನಂತರ ಬಂದು ಒರಗಿ ಮೆಲಕು ಹಾಕಿತು.

ಎದುರು ಮನೆಯಲ್ಲಿ ನಿವೃತ್ತ ತಲಾಟಿ ಭೀಮರಾಯರಿದ್ದಾರೆ. ಸಿಂದಗಿ ತಾಲೂಕಿನಲ್ಲಿ ಮೂವತ್ತು ವರ್ಷ ಮಂದಿಯ ಹೊಲದ ಬಾಂದು ಅಳೆದವರು. ಬೇಲಿಯ ವಿಷಯದಲ್ಲಿ ಅವರಿಗಿಂತ ತಿಳಿದವರು ಯಾರು? "ಬ್ಯಾಸಗಿ ಒಳಗ ಮಾಡಬೇಡ್ರಿ ಮಾಸ್ತರ," ಎಂದರು. "ಎರಿಭೂಮಿ ಬಿರಕಬಿಟ್ಟಿರ್ತದ. ನೀವು ನೆಟ್ಟ ಕಂಬ ನೆಟ್ಟಗ ನಿಂತಂಗ ಕಾಣಸ್ತದ. ಮಳಿ ಬಿದ್ದು ಮಣ್ಣು ಉಬ್ಬಿತಂದ್ರ ಒಂದ ಕಂಬ ಸೋಲಾಪುರದ ಕಡೆ ನೋಡ್ತದ, ಒಂದ ವಿಜಾಪುರದ ಕಡೆ." ಬೇಸಿಗೆಯ ಮನೆಯಲ್ಲಿ ಬರೆದುಕೊಂಡೆ. ಮಳೆಗಾಲದ ಬಗ್ಗೆ ಕೇಳಲು ಯಾರ ಬಳಿಗೂ ಹೋಗಬೇಕಾಗಲಿಲ್ಲ. ಮಳೆ ಬಿದ್ದ ಎರೆಯಲ್ಲಿ ಹತ್ತು ಹೆಜ್ಜೆ ನಡೆದರೆ ಚಪ್ಪಲಿಗೆ ಹತ್ತಿದ ಮಣ್ಣು ನಮ್ಮನ್ನು ಆರು ಬೆರಳು ಎತ್ತರ ಮಾಡಿರುತ್ತದೆ. ಗುದ್ದಲಿ ಹಾಕಿದರೆ ಮಣ್ಣೇ ಗುದ್ದಲಿಯನ್ನು ಹಿಡಿದುಕೊಳ್ಳುತ್ತದೆ. ಚಳಿಗಾಲವೆಂದರೆ ಜೋಳದ ಸುಗ್ಗಿಯ ಕಾಲ, ಆಳು ಸಿಗುವುದಿಲ್ಲ. ಬಾಗೇವಾಡಿಯ ಮಾವನವರು ಒಂದು ಕಾರ್ಡು ಬರೆದು ಆಷಾಢ, ಪಿತೃಪಕ್ಷ, ಧನುರ್ಮಾಸ ಇವು ಮೂರನ್ನು ಬಿಟ್ಟು ಉಳಿದ ಯಾವಾಗಲಾದರೂ ಆಗಬಹುದೆಂದು ತಿಳಿಸಿದರು. ಎರಡನೆಯ ಕಾರ್ಡಿನಲ್ಲಿ ಆ ವರ್ಷ ಅಧಿಕಮಾಸವೂ ಇರುವುದನ್ನು ನೆನಪಿಸಿದರು. ಗೌಂಡಿ ಹುಸೇನಸಾಬನನ್ನು ಕೇಳಿದರೆ, "ನನಗ ಯಾವಾಗ ಕರದ್ರೂ ಬರ್ತೇನ್ರಿ, ಮೊಹರಮ್ಮಿನ ಹತ್ತು ದಿನ ಬಿಟ್ಟು," ಎಂದ. ಕೆಲಸ ಮಾಡುವವನ ಉತ್ತರ ಎಲ್ಲಕ್ಕಿಂತ ಚಿಕ್ಕದಾಗಿತ್ತು. ನಾನು ಅದಕ್ಕೆ ಹೆಚ್ಚು ಬೆಲೆ ಕೊಡಲಿಲ್ಲ.

ಬಲಗಡೆಯ ಮನೆಯ ನೀಲಮ್ಮಾಯಿಯನ್ನೂ ಕೇಳಿದೆ. ಎಂಬತ್ತರ ಹತ್ತಿರದ ಮುದುಕಿ. ಕೋಲು ಊರಿ ನಡೆಯುತ್ತಾಳೆ, ಕೋಲನ್ನು ಊರುವುದಕ್ಕಿಂತ ತೋರಿಸುವುದಕ್ಕೆ ಹೆಚ್ಚು ಬಳಸುತ್ತಾಳೆ. ಅವಳು ನನ್ನ ನೋಟ್‌ಬುಕ್ಕಿನ ಕಡೆ ನೋಡಿ, "ಕಾಲ ಯಾವುದಾರ ಇರವಲ್ದ್ಯಾಕ ತಮ್ಮಾ, ಜಾಗಾ ನೋಡಿ ಅಗಸು. ನಾ ಈ ಓಣಿಗೆ ಸೊಸಿಯಾಗಿ ಬಂದಾಗ ಈ ಹಿತ್ತಲದಾಗ ಮೂರು ಹಗೇವು ಇದ್ದುವು. ಎರಡಕ್ಕ ಮಣ್ಣ ತುಂಬಿ ಮುಚ್ಚಿದ್ದನ್ನ ಕಣ್ಣಾರ ನೋಡೇನಿ," ಎಂದಳು. ನೆಲದೊಳಗೆ ಗಡಿಗೆಯಾಕಾರದಲ್ಲಿ ತೋಡಿ, ಸುತ್ತ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣೆಳೆಯುವ ಹಗೇವು ನಮ್ಮ ಕಡೆಯವರಿಗೆ ಹೊಸದೇನಲ್ಲ. ಮೂರರಲ್ಲಿ ಎರಡು ಕಳೆದರೆ ಎಷ್ಟು ಉಳಿಯುತ್ತದೆ ಎಂಬುದೂ ನನಗೆ ಗೊತ್ತಿತ್ತು. ಆದರೆ ನಾನು ಕೇಳಿದ್ದು 'ಯಾವಾಗ' ಎಂದು. ಅವಳು ಹೇಳಿದ್ದು 'ಎಲ್ಲಿ' ಎಂದು. ಅದು ನನ್ನ ಮೂರು ಮನೆಗಳಲ್ಲಿ ಯಾವುದರಲ್ಲೂ ಕೂಡುವ ಉತ್ತರವಾಗಿರಲಿಲ್ಲ. ನಕ್ಕು, ಬರೆದುಕೊಳ್ಳದೆ ಎದ್ದು ಬಂದೆ.

ಕೊನೆಗೆ ನನ್ನ ಸಂಶೋಧನೆ ಫಲ ಕೊಟ್ಟಿತು. ಮಿರಗ, ಅಂದರೆ ಮೃಗಶಿರಾ ಮಳೆ, ಎರಡು ಸಲ ಚೆನ್ನಾಗಿ ಬಿದ್ದು, ಆಮೇಲೆ ನಾಲ್ಕು ದಿನ ಹೊಳವಾದರೆ, ಆಗ ಮಣ್ಣು ಕಲ್ಲೂ ಅಲ್ಲ, ಕೆಸರೂ ಅಲ್ಲ. ಬಿರುಕು ಮುಚ್ಚಿರುತ್ತವೆ. ಉಬ್ಬುವುದು ಉಬ್ಬಿ ಆಗಿರುತ್ತದೆ. ನಮ್ಮ ಕಡೆ ದೊಡ್ಡ ಬಿತ್ತನೆ ಹಿಂಗಾರಿಗೆ. ಆದ್ದರಿಂದ ಆಳೂ ಬಿಡುವಾಗಿರುತ್ತಾರೆ. ಆಷಾಢಕ್ಕೆ ಇನ್ನೂ ಐದು ದಿನ ಇರುತ್ತದೆ. ವರ್ಷದ ಮುನ್ನೂರ ಅರವತ್ತೈದು ದಿನಗಳಲ್ಲಿ ಬೇಲಿ ಹಾಕಲು ಯೋಗ್ಯವಾದವು ಈ ಮೂರು ನಾಲ್ಕು ದಿನಗಳು ಮಾತ್ರ ಎಂದು ಸಿದ್ಧ ಮಾಡಿದಾಗ ನನಗಾದ ಆನಂದ, ಪದವಿ ಪಡೆದ ದಿನವೂ ಆಗಿರಲಿಲ್ಲ. ಆ ದಿನಗಳು ಬಂದವು. ಮಳೆ ನಿಂತ ಐದನೆಯ ದಿನ, ಒಂದು ರವಿವಾರ, ಹೊತ್ತು ಮೂಡುವಾಗಲೇ ಹೋಗಿ ಹುಸೇನಸಾಬನನ್ನು ಕರೆದೆ.

ಹುಸೇನಸಾಬನಿಗೆ ನಲವತ್ತರ ಸುಮಾರು. ತೆಳ್ಳಗಿನ ಆಳು, ಮೂರು ಹೆಣ್ಣುಮಕ್ಕಳ ತಂದೆ, ಮಾತು ಕಡಿಮೆ. ಗೋಡೆ ಕಟ್ಟಿದರೆ ನೂಲು ಹಿಡಿದು ನೋಡುವ ಕಾರಣವಿಲ್ಲ. "ನನ್ನ ಹಾರಿ ಕಮ್ಮಾರನ ಹಂತೇಕ ಚೂಪ ಮಾಡಾಕ ಕೊಟ್ಟೇನ್ರಿ," ಎಂದ. "ನಾಳೆ ಸಿಗತೈತಿ. ನಾಳೆ ಚಾಲೂ ಮಾಡೂಣಲ್ಲ?"

"ನಾಳೆ ಮೋಡಾತಂದ್ರ? ಇವತ್ತಿನಂಥ ಹದಾ ಮತ್ತ ಸಿಗೂದಿಲ್ಲೋ ಮಾರಾಯಾ," ಎಂದೆ.

ಹದದ ಬಗ್ಗೆ ನಾನು ಅವನಿಗೆ ಪಾಠ ಹೇಳಿದೆ, ಮಣ್ಣಿನಲ್ಲೇ ಜನ್ಮ ಕಳೆದವನಿಗೆ. ಅವನು ಕೇಳಿಕೊಂಡ. ಕೂಲಿಗೆ ಬಂದವರು ನಮ್ಮಂಥವರ ಮಾತನ್ನು ಎಷ್ಟು ತಾಳ್ಮೆಯಿಂದ ಕೇಳಿಕೊಳ್ಳುತ್ತಾರೆಂದರೆ, ನಾವು ಜಾಣರೆಂದೇ ನಮಗೆ ಖಾತ್ರಿಯಾಗಿಬಿಡುತ್ತದೆ.

ಹಾರಿಗಾಗಿ ನಾನು ಭೀಮರಾಯರ ಮನೆಗೆ ಹೋದೆ. ಅವರಲ್ಲಿ ಕುಣಿ ತೋಡುವ ಕಬ್ಬಿಣದ ಒಂದು ಹಳೆಯ ಹಾರಿ ಇದೆ, ಒಬ್ಬಾಳುದ್ದದ್ದು. ಅದನ್ನು ಅವರು ದೇವರ ಕೋಣೆಯ ಮೂಲೆಯಲ್ಲಿ ಎಣ್ಣೆ ಹಚ್ಚಿ ನಿಲ್ಲಿಸಿರುತ್ತಾರೆ. "ಇದು ನಮ್ಮ ತೀರ್ಥರೂಪರ ಹಾರಿ," ಎಂದರು ಭೀಮರಾಯರು, ಎರಡೂ ಕೈಯಲ್ಲಿ ಹಿಡಿದು ಕೊಡುತ್ತ. "ಇಷ್ಟು ವರ್ಷದಾಗ ಒಂದ ದಿನ ಹೊರಗಿನವರ ಮನ್ಯಾಗ ಮಲಗಿಲ್ಲ ನೋಡ್ರಿ ಇದು. ಸಂಜಿಕೆ ದೀಪ ಹಚ್ಚೂದರೊಳಗ ಮನಿಗೆ ಬರಬೇಕು." ಮದುವೆಗೆ ಬಂದ ಮಗಳನ್ನು ಸಿನೇಮಾಕ್ಕೆ ಕಳಿಸುವವರ ದನಿ ಅದು. ನಾನು ಹಾಗೆಯೇ ಭಾಷೆ ಕೊಟ್ಟು, ಹೆಗಲ ಮೇಲೆ ಹೊತ್ತು ತಂದೆ. ಹೊರುವಾಗಲೇ ಅದರ ಜವಾಬ್ದಾರಿ ನನ್ನ ಹೆಗಲೊಳಗೆ ಇಳಿದಿತ್ತು. ಕೆಲಸ ನಡೆದಷ್ಟು ಹೊತ್ತೂ ನಾನು ಕಂಬ ನೆಟ್ಟಗಿದೆಯೇ ಎಂದು ನೋಡಿದ್ದು ಕಡಿಮೆ, ಹಾರಿ ಎಲ್ಲಿದೆ ಎಂದು ನೋಡಿದ್ದೇ ಹೆಚ್ಚು.

ಹುಸೇನಸಾಬನ ಜೊತೆ ಶಿವಪ್ಪ ಎಂಬ ಗಟ್ಟಿಯಾಳು ಬಂದಿದ್ದ. ಮೂರು ಕಂಬ ಬೆಣ್ಣೆಯಲ್ಲಿ ನಿಲ್ಲಿಸಿದ ಹಾಗೆ ನಿಂತವು. ಹಾರಿ ಹಾಕಿದರೆ ಮಣ್ಣು ಹೆಂಟೆಹೆಂಟೆಯಾಗಿ ಬರುತ್ತಿತ್ತು. "ನೋಡಿದೇನು ಹದಾ?" ಎಂದು ನಾನು ಮೂರು ಸಲ ಕೇಳಿದೆ. "ಹೌದ್ರಿ" ಎಂದು ಅವನು ಮೂರು ಸಲವೂ ಅಂದ. ನಾಲ್ಕನೆಯ ಕುಣಿ ಮೊಣಕಾಲುದ್ದ ಇಳಿದಾಗ ಹಾರಿಯ ಸಪ್ಪಳ ಬದಲಾಯಿತು. ಡಬ್ ಎಂದಿತು. ಹುಸೇನಸಾಬ ಒಂದು ಗಳಿಗೆ ನಿಂತು, ಕಿವಿಗೊಟ್ಟು, ಮತ್ತೊಮ್ಮೆ ಹಾಕಿದ. ಈ ಸಲ ಸಪ್ಪಳವೇ ಬರಲಿಲ್ಲ. ಹಾರಿ ಅವನ ಕೈಯಿಂದ ಜಾರಿ, ಒಬ್ಬಾಳುದ್ದದ ಹಾರಿ, ನೆಲದೊಳಗೆ ಹೋಗಿಬಿಟ್ಟಿತು. ಅದರ ಹಿಂದೆ ಒಂದು ಬುಟ್ಟಿಯಷ್ಟು ಮಣ್ಣು ಕುಸಿಯಿತು. ಅವನು ಹಿಂದಕ್ಕೆ ಹಾರಿದ. ಕೆಳಗಿನಿಂದ ಒಂದು ವಾಸನೆ ಬಂತು, ಹುಳಿತ, ಕೊಳೆತ, ಬಹಳ ಹಳೆಯ ಜೋಳದ ವಾಸನೆ.

"ಹಗೇವು!" ಎಂದ ಶಿವಪ್ಪ.

ಕಂಬಗಳು ಇಷ್ಟಿಷ್ಟು ದೂರ ನಿಲ್ಲಬೇಕೆಂದು ನಾನೇ ಟೇಪು ಹಿಡಿದು ಅಳೆದು ಸುಣ್ಣದ ಗುರುತು ಹಾಕಿದ್ದೆ. ಅಷ್ಟು ದೊಡ್ಡ ಹಿತ್ತಲಲ್ಲಿ ಹಗೇವಿನ ಬಾಯಿ ಎಷ್ಟಿದ್ದೀತು, ಒಂದು ಜೋಳದ ಚೀಲದಗಲ. ಸರಿಯಾಗಿ ಅದರ ನೆತ್ತಿಯ ಮೇಲೆ ನನ್ನ ಗುರುತು. ಮುಚ್ಚಿದ್ದ ಹಾಸುಗಲ್ಲು ಎಂದೋ ಸೀಳಿ, ಮೇಲಿನ ಮಣ್ಣಿನ ಬಲದಿಂದ ಅಷ್ಟು ವರ್ಷ ನಿಂತಿತ್ತು. ಬೇಸಿಗೆಯಾಗಿದ್ದರೆ ಆ ಮಣ್ಣು ಕಬ್ಬಿಣದಂತೆ ಹಿಡಿದುಕೊಂಡಿರುತ್ತಿತ್ತು, ಸಪ್ಪಳ ಕೇಳಿದವರು ಅಲ್ಲಿಗೇ ಬಿಡುತ್ತಿದ್ದರು. ಸುಗ್ಗಿಯ ಕಾಲವಾಗಿದ್ದರೆ ಅಗೆಯಲು ಯಾರೂ ಬರುತ್ತಲೇ ಇರಲಿಲ್ಲ. ವರ್ಷದಲ್ಲಿ ಮೂರು ನಾಲ್ಕು ದಿನ ಮಾತ್ರ ಆ ಮಣ್ಣು ಅಷ್ಟು ಮೆತ್ತಗಿರುತ್ತದೆ. ಆ ದಿನಗಳನ್ನು ನಾನು ಒಂದೂವರೆ ವರ್ಷ ಕುಳಿತು ಹುಡುಕಿ ತೆಗೆದಿದ್ದೆ.

ಆದರೆ ಆಗ ಇದೊಂದೂ ನನ್ನ ತಲೆಗೆ ಬರಲಿಲ್ಲ. ನನ್ನ ಬಾಯಿಂದ ಬಂದ ಮೊದಲ ಮಾತು, "ಅಯ್ಯಯ್ಯೋ, ಹಾರಿ!"

ಹುಸೇನಸಾಬ, ಶಿವಪ್ಪ ಇಬ್ಬರೂ ಸುತ್ತಲಿನ ಮಣ್ಣು ಬಿಡಿಸಿ, ಒಡೆದ ಕಲ್ಲು ಸರಿಸಿ ಬಾಯಿ ತೆರೆದರು. ಅದಕ್ಕೆ ಅರ್ಧ ತಾಸು ಹಿಡಿಯಿತು. ಅಷ್ಟು ಹೊತ್ತೂ ನಾನು ಸುತ್ತ ತಿರುಗುತ್ತ, "ನಮ್ಮ ಹಾರಿ ಆಗಿದ್ರ ಮಾತ ಬ್ಯಾರೆ ಇತ್ತಪಾ, ಮಂದಿ ಹಾರಿ ಅದು," ಎನ್ನುತ್ತಿದ್ದೆ. "ದೀಪ ಹಚ್ಚೂದರಾಗ ಮುಟ್ಟಸ್ತೇನಂತ ಹೇಳೇನಿ," ಎನ್ನುತ್ತಿದ್ದೆ. ಇನ್ನೂ ಬೆಳಗಿನ ಹತ್ತು ಗಂಟೆ. ಬಗ್ಗಿ ನೋಡಿದರೆ ಎರಡಾಳು ಆಳದಲ್ಲಿ ಕರ್ರಗಿನ ಕೊಳೆತ ಜೋಳ, ಅದರಲ್ಲಿ ಓರೆಯಾಗಿ ನೆಟ್ಟುಕೊಂಡು ನಿಂತ ಹಾರಿಯ ತುದಿ, ಎಣ್ಣೆ ಹಚ್ಚಿದ್ದರಿಂದ ಸ್ವಲ್ಪ ಹೊಳೆಯುತ್ತಿತ್ತು.

ನಮ್ಮ ಕಡೆ ಹಗೇವು ತೆಗೆಯುವ ರೀತಿ ಎಲ್ಲರಿಗೂ ಗೊತ್ತು. ಬಾಯಿ ತೆರೆದು ಒಂದು ದಿನ ಹಾಗೆಯೇ ಬಿಡಬೇಕು. ಮರುದಿನ ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ಇಳಿಬಿಡಬೇಕು. ಕಂದೀಲು ಆರಿದರೆ ಯಾರೂ ಇಳಿಯಬಾರದು. ಇದು ಹುಸೇನಸಾಬನಿಗೆ ಗೊತ್ತಿತ್ತು, ಶಿವಪ್ಪನಿಗೆ ಗೊತ್ತಿತ್ತು. ನನಗಂತೂ ಕಂದೀಲು ಆರಿಸುವ ಅನಿಲದ ಹೆಸರು, ಅದರ ತೂಕ ಸಹಿತ ಗೊತ್ತಿತ್ತು. ಗಾಳಿಗಿಂತ ಭಾರವಾದ ಆ ಅನಿಲವನ್ನು ಒಂದು ಜಾಡಿಯಿಂದ ಇನ್ನೊಂದು ಜಾಡಿಗೆ ನೀರಿನಂತೆ ಸುರಿದು, ಉರಿಯುವ ಮೇಣದ ಬತ್ತಿ ಆರುವುದನ್ನು ಪ್ರತಿ ವರ್ಷ ಒಂಬತ್ತನೆಯ ಇಯತ್ತೆಯವರಿಗೆ ತೋರಿಸುತ್ತೇನೆ. ಹುಡುಗರು ಚಪ್ಪಾಳೆ ತಟ್ಟುತ್ತಾರೆ.

ಹುಸೇನಸಾಬ ಹಗ್ಗದ ಒಂದು ತುದಿಯನ್ನು ಮಲಗಿದ್ದ ಕಂಬಕ್ಕೆ ಬಿಗಿದ. ನನ್ನ ಕಡೆ ತಿರುಗಿ, "ಒಳಗ ಗಾಳಿ ಹೆಂಗಿದ್ದೀತ್ರಿ ಮಾಸ್ತರ?" ಎಂದು ಕೇಳಿದ. ಜೀವಮಾನದಲ್ಲಿ ನನ್ನ ವಿದ್ಯೆಯನ್ನು ನಂಬಿ ಯಾರಾದರೂ ಒಂದು ಪ್ರಶ್ನೆ ಕೇಳಿದ್ದರೆ ಅದು ಅದೊಂದೇ. ನಾನು ಹಾರಿಯ ತುದಿಯ ಕಡೆ ನೋಡುತ್ತ, "ತಗದು ಅರ್ಧ ತಾಸ ಆತಲ್ಲ," ಎಂದೆ. ಇಳಿ ಎನ್ನಲಿಲ್ಲ. ಇಳಿಯಬೇಡ ಎನ್ನಲಿಲ್ಲ. ಅರ್ಧ ತಾಸು ಆಗಿದ್ದಂತೂ ನಿಜ.

"ಉಸರ ಹಿಡದು ಇಳದು ಬಂದಬಿಡ್ತೇನಿ," ಎಂದು ಅವನು ಹಗ್ಗ ಹಿಡಿದು ಸರಸರ ಇಳಿದ. ಕಾಲು ಜೋಳದಲ್ಲಿ ಹೂತಿತು. ಹಾರಿಯನ್ನು ಅಲ್ಲಾಡಿಸಿ ಕಿತ್ತ. ಹಗ್ಗದ ತುದಿಯನ್ನು ಹಾರಿಗೆ ಬಿಗಿದ. ತನ್ನ ನಡುವಿಗಲ್ಲ, ಹಾರಿಗೆ. "ಜಗ್ಗರಿ," ಎಂದ. ಆ ಮಾತಾಡಲು ಉಸಿರು ತೆಗೆದುಕೊಂಡನಲ್ಲ, ಅಲ್ಲಿಗೆ ಮುಗಿಯಿತು. ನಾನು, ಶಿವಪ್ಪ ಇಬ್ಬರೂ ಹಗ್ಗ ಜಗ್ಗಿದೆವು. ಹಾರಿ ಮೇಲೆ ಬಂತು. ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ತುದಿ ಸೊಟ್ಟಾಗಿದೆಯೇ ಎಂದು ನೋಡಿದೆ. ಸೊಟ್ಟಾಗಿರಲಿಲ್ಲ. ನನಗೆ ಎಷ್ಟು ಹಗುರವೆನಿಸಿತು ಎಂದರೆ, "ಶಾಬಾಸ್ ಹುಸೇನಸಾಬ!" ಎಂದು ಕೂಗಿದೆ. ಉತ್ತರ ಬರಲಿಲ್ಲ. ಬಗ್ಗಿದರೆ ಅವನು ಕುಳಿತಿದ್ದ. ದಣಿದವರು ಕಟ್ಟೆಗೆ ಒರಗಿ ಕೂರುವ ಹಾಗೆ, ಬಹಳ ಸಾವಕಾಶವಾಗಿ, ಪಕ್ಕಕ್ಕೆ ವಾಲಿದ.

ಶಿವಪ್ಪ ಅಂಗಿ ಕಿತ್ತೊಗೆದು ಇಳಿಯಲು ಕಾಲು ಚಾಚಿದ. ಆಗ ಒಂದು ಕೋಲು ಅವನ ಮೊಣಕಾಲಿಗೆ ಫಟ್ಟೆಂದು ಬಿತ್ತು. ನೀಲಮ್ಮಾಯಿ. ಗದ್ದಲ ಕೇಳಿ ಬಂದಿದ್ದಳು.

"ಹಿಂದ ಸರಿಯೋ ಮಂಗ್ಯಾ! ಒಬ್ಬನ ಮಣ್ಣಿಗೆ ಇಬ್ಬರನ ಹಾಕಬೇಕಂತೀಯೇನು?" ಎಂದಳು. "ಬೇವಿನ ಟೊಂಗಿ ಮುರಕೊಂಡ ಬಾ, ದೊಡ್ಡದು! ಶಾಂತವ್ವಾ, ನೀರ ತಾ, ಇದ್ದಷ್ಟು ಕೊಡಾ ತಾ! ಪಾತಾಳಗರಡಿ ತಾ!"

ಶಿವಪ್ಪ ಟೊಂಗೆ ತಂದು ಹಗ್ಗಕ್ಕೆ ಕಟ್ಟಿ ಬಾಯೊಳಗೆ ಇಳಿಬಿಟ್ಟು ಮೇಲೆ ಕೆಳಗೆ ಬಡಿಯತೊಡಗಿದ, ಕೆಟ್ಟ ಗಾಳಿ ಕದಡಿ ಹೊರಗೆ ಬರಲೆಂದು. ನೀಲಮ್ಮಾಯಿ ಕೊಡದ ನೀರು ಸುರಿದಳು. ಬಾವಿಯಲ್ಲಿ ಕೊಡ ಬಿದ್ದರೆ ತೆಗೆಯುವ, ಸುತ್ತ ಕೊಂಡಿಗಳಿರುವ ಪಾತಾಳಗರಡಿಯನ್ನು ಶಾಂತಾ ಓಡುತ್ತ ತಂದಳು. ತಂದು ನನ್ನ ಮುಂದೆ ನಿಂತು, "ಹಿಡೀರಿ ಹಗ್ಗ," ಎಂದಳು. ನಾನು ಹಿಡಿಯಲಿಲ್ಲ. "ಹಿಡೀರಿ ಅಂದ್ರ!" ಎಂದಳು. ನಾನು ಕೈ ಚಾಚಲು ನೋಡಿದೆ, ಆಗಲಿಲ್ಲ. ಏಕೆಂದರೆ ನನ್ನ ಎರಡೂ ಕೈಗಳು ಹಾರಿಯನ್ನು ಎದೆಗೆ ಅವಚಿ ಹಿಡಿದಿದ್ದವು. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದೆನೋ ತಿಳಿಯದು. ಟೊಂಗೆ ಬಂದಾಗಲೂ ಹಿಡಿದಿದ್ದೆ, ನೀರು ಸುರಿದಾಗಲೂ ಹಿಡಿದಿದ್ದೆ. ಶಾಂತಾ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹಾರಿಯನ್ನು ಕಿತ್ತು ಆಚೆ ಒಗೆದಳು. ಅವಳು ಆಗ ನನ್ನ ಮುಖ ನೋಡಿದ್ದನ್ನು ಬರೆಯಲು ನನಗೆ ಬರುವುದಿಲ್ಲ.

ಅಷ್ಟರಲ್ಲಿ ಭೀಮರಾಯರು ಬಂದರು. ಹಾರಿ ಕೆಸರಿನಲ್ಲಿ ಅವರ ಹಾದಿಗೆ ಅಡ್ಡವಾಗಿಯೇ ಬಿದ್ದಿತ್ತು. ತೀರ್ಥರೂಪರ ಹಾರಿ. ಅದನ್ನು ದಾಟಿ ಬಂದರು. ಕೆಳಗೆ ನೋಡಲೂ ಇಲ್ಲ. ಧೋತರದ ಕಚ್ಚೆ ಬಿಗಿದು, ಹೊಟ್ಟೆಯ ಮೇಲೆ ಮಲಗಿ, ತಲೆಯನ್ನು ಹಗೇವಿನ ಬಾಯಿಯಿಂದ ಹೊರಗೇ ಇಟ್ಟು, ಪಾತಾಳಗರಡಿಯ ಹಗ್ಗವನ್ನು ತಾವೇ ಹಿಡಿದರು. "ಎಡಕ್ಕ ಬಿಡ್ರಿ, ಎಡಕ್ಕ. ನಡಕ್ಕ ಸುತ್ತಿದ ರುಮಾಲಿಗೆ ಸಿಗಸ್ರಿ," ಎಂದು ನೀಲಮ್ಮಾಯಿ ಕೋಲು ತೋರಿಸುತ್ತಿದ್ದಳು. ಎರಡು ಸಲ ಕೊಂಡಿ ಜಾರಿತು. ಎರಡು ಸಲವೂ ಮೇಲೆ ಬಂದದ್ದು ಕೊಳೆತ ಜೋಳ. ಮೂರನೆಯ ಸಲ ರುಮಾಲಿಗೆ ಸಿಕ್ಕಿತು. ಎಲ್ಲರೂ ಜಗ್ಗಿದೆವು, ನಾನೂ ಜಗ್ಗಿದೆ. ಹಾರಿ ಜಗ್ಗುವಾಗ ಹಗುರವಾಗಿದ್ದ ಹಗ್ಗ ಈಗ ಅಂಗೈಯನ್ನು ಸುಲಿಯಿತು. ಹಗೇವಿನ ಬಾಯಿಯಲ್ಲಿ ಅವನ ಭುಜ ಸಿಕ್ಕಿಕೊಂಡಿತು. ಶಿವಪ್ಪ ಕೂದಲು ಹಿಡಿದು ಓರೆ ಮಾಡಿ ಎಳೆದ.

ಹುಸೇನಸಾಬನ ಮುಖ ಬೂದಿಯ ಬಣ್ಣವಾಗಿತ್ತು. ತುಟಿ ನೇರಳೆ. "ಮಾಸ್ತರ, ನೀವು ಕಲತವರು, ಏನರ ಮಾಡ್ರಿ," ಎಂದರು ಭೀಮರಾಯರು. ಪ್ರಥಮ ಚಿಕಿತ್ಸೆಯ ಶಿಬಿರಕ್ಕೆ ಹೋಗಿ ಬಂದು ಸರ್ಟಿಫಿಕೇಟನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದವನು ನಾನು. ಪುಸ್ತಕದಲ್ಲಿದ್ದ ಚಿತ್ರ ಕಣ್ಣ ಮುಂದೆ ಬಂತು; ಆದರೆ ಚಿತ್ರದ ಮನುಷ್ಯ ಬೋರಲು ಮಲಗಿದ್ದನೋ ಅಂಗಾತನೋ ನೆನಪಾಗಲಿಲ್ಲ. ಬೋರಲು ಮಲಗಿಸಿ ಬೆನ್ನು ಒತ್ತಿದೆ. ತಪ್ಪೆನಿಸಿ ಅಂಗಾತ ಮಾಡಿದೆ. ಮತ್ತೆ ಬೋರಲು ಮಾಡಿದೆ. ಒಂದು ರೊಟ್ಟಿಯನ್ನೂ ಯಾರೂ ಅಷ್ಟು ಸಲ ತಿರುವಿ ಹಾಕಿರಲಿಕ್ಕಿಲ್ಲ. ಬಹುಶಃ ಆ ತಿರುವುವುದರಿಂದಲೇ ಇರಬೇಕು, ಇಲ್ಲವೆ ನೀಲಮ್ಮಾಯಿ ಕೆನ್ನೆಗೆ ಹೊಡೆದ ಹೊಡೆತದಿಂದ, ಅವನ ಹೊಟ್ಟೆಯೊಳಗಿನದು ಹೊರಗೆ ಬಂತು. ಒಂದು ಉಸಿರು ಬಂತು. ಅದು ಹೋಯಿತು, ಬಹಳ ಹೊತ್ತು ಏನೂ ಇಲ್ಲ. ಆ ಹೊತ್ತು ಇನ್ನೂ ನನ್ನಲ್ಲಿ ಮುಗಿದಿಲ್ಲ. ಕ್ಲಾಸಿನಲ್ಲಿ ಹಲಗೆಯ ಮೇಲೆ ಬರೆಯುತ್ತ ಖಡು ಹಿಡಿದ ಕೈ ನಿಂತುಬಿಡುತ್ತದೆ, ಹುಡುಗರು "ಸರ್" ಎಂದು ಕೂಗಿದಾಗಲೇ ಮುಂದೆ ಹೋಗುವುದು. ಆಮೇಲೆ ಎರಡನೆಯ ಉಸಿರು ಬಂತು. ಮೂರನೆಯದು ಬಂತು. ಕಣ್ಣು ತೆರೆದ. ಸುತ್ತ ನೋಡಿದ. ನನ್ನನ್ನು ಕಂಡ.

"ಹಾರಿ ಬಂತೇನ್ರಿ?" ಎಂದು ಕೇಳಿದ.

ಭೀಮರಾಯರು ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತರು. ಅಂದು ಸಂಜೆ ದೀಪ ಹಚ್ಚುವುದರೊಳಗೆ ಹಾರಿಯನ್ನು ತೊಳೆದು ಒಯ್ದು ಕೊಟ್ಟೆ. ಅವರು ಅದನ್ನು ಒಳಗೆ ಒಯ್ಯದೆ ಹೊರಗಿನ ಗೋಡೆಗೆ ಆನಿಸಿದರು. ಈಗಲೂ ಅಲ್ಲಿಯೇ ಇದೆ.

ಹುಸೇನಸಾಬ ಇಪ್ಪತ್ತು ದಿನ ಮಲಗಿದ. ತಲೆ ಎತ್ತಿದರೆ ನೆಲ ತಿರುಗುತ್ತದೆ ಎನ್ನುತ್ತಿದ್ದ. ನಾನು ದಿನಾ ಸಂಜೆ ಹಾಲು ತೆಗೆದುಕೊಂಡು ಹೋಗಿ ಅವನ ಹಾಸಿಗೆಯ ಹತ್ತಿರ ಕುಳಿತು ಹವಾಮಾನದ ಬಗ್ಗೆ ಮಾತಾಡಿ ಬರುತ್ತಿದ್ದೆ. ಹಗೇವಿನ ಮಾತು ಅವನೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಆ ಹಗೇವನ್ನು ಶಿವಪ್ಪ ನಾಲ್ಕು ಗಾಡಿ ಗರಸು ತಂದು ತುಂಬಿದ. ಹಿತ್ತಲಲ್ಲಿ ಈಗ ಮೂರು ಕಂಬ ನಿಂತಿವೆ, ಒಂಬತ್ತು ಮಲಗಿವೆ. ಆಡುಗಳು ಮೂರು ಕಂಬಗಳ ನಡುವೆ, ಬಾಗಿಲಲ್ಲಿ ಬಂದ ಹಾಗೆ ಮರ್ಯಾದೆಯಿಂದ ಬರುತ್ತವೆ. ಶಾಂತಾ ಬೇಲಿಯ ಸುದ್ದಿ ಎತ್ತುವುದಿಲ್ಲ.

ಹೋದ ವಾರ, ದಸರೆಯ ಬನ್ನಿ ಕೊಡಲು ಹುಸೇನಸಾಬ ಮನೆಗೆ ಬಂದ. ಮುಖಕ್ಕೆ ಮತ್ತೆ ಕಳೆ ಬಂದಿತ್ತು. ನನ್ನ ಕೈಗೆ ಬನ್ನಿ ಕೊಟ್ಟು, ಕಟ್ಟೆಯ ಮೇಲೆ ಕುಳಿತ. ಶಾಂತಾ ಚಹ ತಂದಳು. ಓಣಿಯಲ್ಲಿ ಆ ದಿನದ ಸುದ್ದಿ ಒಬ್ಬರಿಂದೊಬ್ಬರಿಗೆ ಹೋಗುತ್ತ ಬೇರೆಯೇ ಆಗಿದೆ ಎಂಬುದು ನನಗೆ ಅವತ್ತೇ ತಿಳಿದದ್ದು.

"ನಾ ಒಳಗ ಬಿದ್ದಾಗ ನೀವು ಹಾರಿ ಹಿಡದು ನಿಂತಿದ್ರಂತಲ್ರಿ," ಎಂದ ಅವನು. "ಬಾಯಿ ಒಡದು ಅಗಲ ಮಾಡಿ ನೀವ ಇಳೀತಿದ್ರಂತ. ಅಕ್ಕಾರ ನಿಮ್ಮ ಕೈಯಾಗಿಂದ ಕಸಗೊಂಡು ಬ್ಯಾಡ ಅಂದ್ರಂತ. ಎಲ್ಲಾರೂ ಹೇಳ್ತಾರ್ರಿ. ನಮ್ಮ ಮನ್ಯಾಗಿನಾಕಿ ದಿನಾ ನಿಮಗ ದುವಾ ಮಾಡ್ತಾಳ."

ನಾನು ಶಾಂತಾಳ ಕಡೆ ನೋಡಿದೆ. ಅವಳು ಖಾಲಿ ತಾಟನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಾನು ಏನು ಹೇಳುತ್ತೇನೆಂದು ಕಾಯುತ್ತಿದ್ದಳು. ಇಲ್ಲ ಎನ್ನಲು ಬಾಯಿ ತೆರೆದೆ. ಒಂದೇ ಒಂದು ಮಾತು, ಎರಡಕ್ಷರದ್ದು. ಚಹ ಕುಡಿದೆ.

ಶಾಂತಾ ಒಳಗೆ ಹೋದಳು.

ಹುಸೇನಸಾಬ ಕಪ್ಪು ಕೆಳಗಿಟ್ಟು ಹಿತ್ತಲ ಕಡೆ ಕತ್ತು ಚಾಚಿ ಮಲಗಿದ ಕಂಬಗಳನ್ನು ಎಣಿಸಿದ. "ಇನ್ನೂ ಒಂಬತ್ತು ಉಳದಾವಲ್ರಿ. ಯಾವಾಗ ಬರ್ಲಿ?" ಎಂದ.

"ನಿನಗ 'ಯಾವಾಗ' ಆಗತೈತೋ ಆವಾಗ ಬಾರಪಾ," ಎಂದೆ. ನನ್ನ ನೋಟ್‌ಬುಕ್ಕನ್ನು ಅವನು ಎಂದೂ ನೋಡಿರಲಿಲ್ಲವಾದ್ದರಿಂದ, ಆ ಮಾತು ಹೇಳಲು ನನಗೆ ಎಷ್ಟು ಕಷ್ಟವಾಯಿತೆಂದು ಅವನಿಗೆ ತಿಳಿಯಲಿಲ್ಲ.

"ಹಂಗಾರ ಸೋಮವಾರ ಬರ್ತೇನಿ," ಎಂದು ಎದ್ದ. ಚಪ್ಪಲಿ ಮೆಟ್ಟಿಕೊಂಡು ಎರಡು ಹೆಜ್ಜೆ ಹೋದವನು, ಏನೋ ನೆನಪಾದವನಂತೆ ತಿರುಗಿ ನಿಂತ. "ಈ ಸಲ ಹಾರಿ ನಂದ ತರ್ತೇನ್ರಿ ಮಾಸ್ತರ. ಒಳಗ ಬಿದ್ರೂ ಅಡ್ಡಿ ಇಲ್ಲ. ನೀವೇನ ಚಿಂತಿ ಮಾಡಬ್ಯಾಡ್ರಿ."

ಅವನ ಮುಖವನ್ನು ಬಹಳ ಹೊತ್ತು ನೋಡಿದೆ. ತುಟಿಯ ಮೂಲೆಯಲ್ಲಿ ಒಂದಿಷ್ಟು ನಗು, ಒಂದು ಚೂರು ಕುಹಕ ಸಿಕ್ಕಿದ್ದರೂ ಸಾಕಾಗಿತ್ತು. ಬೈಸಿಕೊಂಡವನ ಹಾಗೆ ಹಗುರಾಗುತ್ತಿದ್ದೆ. ಏನೂ ಇರಲಿಲ್ಲ. ನಿಜವಾಗಿಯೂ ನನಗೆ ಚಿಂತೆಯಾಗಬಾರದೆಂದೇ ಹೇಳಿದ್ದ. ಇವತ್ತು ರವಿವಾರ. ಆಕಾಶ ತಿಳಿಯಾಗಿದೆ, ಮಣ್ಣು ಹದವಾಗಿದೆ. ನಾಳೆ ಹೊತ್ತು ಮೂಡುವುದರೊಳಗೆ ಅವನು ಬಂದುಬಿಡುತ್ತಾನೆ, ಮಾತಿಗೆ ತಪ್ಪುವವನಲ್ಲ.